ಬೆಂಗಳೂರು, ನಮ್ಮ ಹಳ್ಳಿ, ಮತ್ತೆ ಬೆಂಗಳೂರು: ವಿದೇಶಿ ಅತಿಥಿಗಳ ಜೊತೆ ಎಂಟು ದಿನ

ಜನವರಿಯಲ್ಲಿ ನೆದರ್ಲ್ಯಾಂಡ್ಸ್‌ನಿಂದ ಇಬ್ಬರು ಅತಿಥಿಗಳು ನಮ್ಮ ಮನೆಗೆ ಬಂದಿದ್ದರು. ಮಗಳು ಅಲ್ಲಿ ಓದುವಾಗ ಗೆಳತಿಯಾದ ಹುಡುಗಿಯ ಅಪ್ಪ ಅಮ್ಮ. ಇಬ್ಬರಿಗೂ ಅರವತ್ತು ದಾಟಿದೆ, ಭಾರತಕ್ಕೆ ಬಂದದ್ದು ಇದೇ ಮೊದಲು. ಮೂರು ದಿನ ಬೆಂಗಳೂರು ನೋಡಿ, ಮೂರು ದಿನ ಪಾಂಡವಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿದ್ದು, ಕೊನೆಯ ಎರಡು ದಿನ ಮತ್ತೆ ಬೆಂಗಳೂರಿಗೆ ಬಂದೆವು. ಸಂಕ್ರಾಂತಿ ನಡುವೆ ಬಂದಿದ್ದರಿಂದ ಹೀಗಾಯಿತು, ಅಷ್ಟೇ. ಆದರೆ ಈಗ ಯಾರಾದರೂ ಕೇಳಿದರೆ ಇದೇ ಕ್ರಮದಲ್ಲಿ ಕರೆದುಕೊಂಡು ಹೋಗಿ ಅಂತೀನಿ. ಹಳ್ಳಿ ನೋಡಿ ಬಂದ ಮೇಲೆ ಅವರು ಬೆಂಗಳೂರನ್ನು ನೋಡಿದ ಕಣ್ಣೇ ಬೇರೆಯಾಗಿತ್ತು.

ಮೊದಲು ಒಂದು ಮುಖ್ಯವಾದ ಕೆಲಸ. ವಿದೇಶಿ ಪ್ರಜೆಗಳನ್ನು ಮನೆಯಲ್ಲಿ ಉಳಿಸಿಕೊಂಡರೆ, ಅವರು ಬಂದ 24 ಗಂಟೆಯೊಳಗೆ ಅವರ ವಿವರಗಳನ್ನು ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ಕೊಡಬೇಕು. ಇದಕ್ಕೆ ಹಿಂದೆ ಸಿ-ಫಾರಂ ಅನ್ನುತ್ತಿದ್ದರು. ಇದು ಹೋಟೆಲ್‌ನವರಿಗೆ ಮಾತ್ರ ಅಂದುಕೊಂಡವರೇ ಜಾಸ್ತಿ. ಹಾಗಲ್ಲ, ಮನೆಯವರಿಗೂ ಅನ್ವಯಿಸುತ್ತದೆ. ಪಾಸ್‌ಪೋರ್ಟ್, ವೀಸಾ ಪ್ರತಿಗಳನ್ನು ಮೊದಲೇ ತರಿಸಿಕೊಂಡು ಆ ಕಚೇರಿಯ ಜಾಲತಾಣದಲ್ಲಿ ಮನೆಯ ಹೆಸರಿನ ಖಾತೆ ತೆರೆದಿಟ್ಟುಕೊಂಡರೆ ಅವರು ಬಂದ ರಾತ್ರಿಯೇ ಮುಗಿಸಬಹುದು. ಸಿಮ್ ತೆಗೆದುಕೊಳ್ಳಲೂ ಪಾಸ್‌ಪೋರ್ಟ್ ಬೇಕು.

ದುಡ್ಡಿನ ವಿಷಯವನ್ನೂ ಮೊದಲ ದಿನವೇ ಮಾತಾಡಿಬಿಡಿ. ಇಲ್ಲಿ ಎಲ್ಲರೂ ಫೋನ್ ತೋರಿಸಿ ದುಡ್ಡು ಕೊಡುತ್ತಾರೆ, ಅತಿಥಿಗಳ ಹತ್ತಿರ ಕಾರ್ಡ್ ಇರುತ್ತದೆ. ಎಳನೀರಿನವನ ಮುಂದೆ ಕಾರ್ಡ್ ಏನೂ ಮಾಡುವುದಿಲ್ಲ. ಎಲ್ಲವನ್ನೂ ನಾವೇ ಕೊಟ್ಟರೆ ಅವರಿಗೆ ಮುಜುಗರ. ನಾವು ಒಂದು ಸಣ್ಣ ಪರ್ಸ್‌ಗೆ ಎರಡೂ ಕಡೆಯವರು ಸಮ ಹಣ ಹಾಕಿ, ಖರ್ಚೆಲ್ಲ ಅದರಿಂದಲೇ ಮಾಡಿದೆವು. ಪರ್ಸ್ ಆ ಹೆಂಗಸಿನ ಕೈಯಲ್ಲೇ ಇತ್ತು. ನೋಟು ಎಣಿಸಿ ಕೊಡುತ್ತಾ ಕೊಡುತ್ತಾ ಅವರು ಒಂದರಿಂದ ಇಪ್ಪತ್ತರವರೆಗೆ ಕನ್ನಡದಲ್ಲಿ ಎಣಿಸುವುದನ್ನು ಕಲಿತರು.

ಇನ್ನು ನಾನು ಮಾಡಿದ ತಪ್ಪು. ಮೊದಲ ದಿನವೇ ಟಿಪ್ಪುವಿನ ಬೇಸಿಗೆ ಅರಮನೆ, ಕಬ್ಬನ್ ಪಾರ್ಕ್, ವಿಧಾನಸೌಧ, ಸಂಜೆಗೆ ಮಲ್ಲೇಶ್ವರಂ ಅಂತ ಪಟ್ಟಿ ಮಾಡಿದ್ದೆ. ಅವರು ಬೇಡ ಅನ್ನಲಿಲ್ಲ, ಅತಿಥಿಗಳು ಅನ್ನುವುದೂ ಇಲ್ಲ. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಅವರಲ್ಲಿ ಒಬ್ಬರು ಅರಮನೆಯ ತೇಗದ ಕಂಬಕ್ಕೆ ಒರಗಿ ಹಾಗೇ ಕುಸಿದು ಕೂತುಬಿಟ್ಟರು. ಮುಖ ಬಿಳಚಿಕೊಂಡಿತ್ತು. ರಾತ್ರಿಯೆಲ್ಲ ವಿಮಾನ, ನಿದ್ದೆ ಇಲ್ಲ, ಮೇಲೆ ಬಿಸಿಲು. ನನಗೆ ಕೈಕಾಲೇ ಆಡಲಿಲ್ಲ. ನೀರು, ಉಪ್ಪು, ಸಕ್ಕರೆ ಕೊಟ್ಟು ಮನೆಗೆ ಕರೆದುಕೊಂಡು ಬಂದೆವು. ಹಾಗಾಗಿ ಮೊದಲ ದಿನ ಏನೂ ಇಟ್ಟುಕೊಳ್ಳಬೇಡಿ. ಸಂಜೆ ಬೀದಿಯ ಕೊನೆವರೆಗೆ ನಡೆದು ಬನ್ನಿ, ಸಾಕು. ಆಮೇಲಿನ ದಿನಗಳಲ್ಲೂ ಬೆಳಿಗ್ಗೆ ಒಂದು ಜಾಗ, ಸಂಜೆ ಒಂದು ಜಾಗ. ನಡುವೆ ಮನೆ, ಊಟ, ನಿದ್ದೆ.

ಬೆಳಿಗ್ಗೆಗೆ ಲಾಲ್‌ಬಾಗ್‌ಗಿಂತ ಒಳ್ಳೆಯದು ನನಗೆ ಕಾಣಲಿಲ್ಲ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, 1889ರ ಗಾಜಿನ ಮನೆ, ಇದೆಲ್ಲ ಅವರಿಗೆ ಇಷ್ಟವಾಯಿತು. ಆದರೆ ಅವರು ಅರ್ಧ ಗಂಟೆ ಕದಲದೆ ನಿಂತದ್ದು ಬಂಡೆಯ ಮೇಲೆ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅಂದೆ. ಆತ ಬಗ್ಗಿ ಅದನ್ನು ಅಂಗೈಯಿಂದ ಮುಟ್ಟಿದರು. ಅವರ ದೇಶದ ನಾಲ್ಕನೇ ಒಂದು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಹುಟ್ಟಿದಾಗಿನಿಂದ ಮರಳು, ಕೆಸರು ನೋಡಿದವರು. ನಾನು ನೂರು ಸಲ ಹತ್ತಿ ಇಳಿದ ಬಂಡೆಯನ್ನು ಅವತ್ತೇ ಮೊದಲ ಸಲ ಸರಿಯಾಗಿ ನೋಡಿದೆ. ಆಗಸ್ಟ್ 15 ಮತ್ತು ಜನವರಿ 26ರ ಸುಮಾರಿಗೆ ಫಲಪುಷ್ಪ ಪ್ರದರ್ಶನ ಇರುತ್ತದೆ. ನೆಮ್ಮದಿಯಾಗಿ ನೋಡಬೇಕಾದರೆ ಆ ದಿನಗಳನ್ನು ಬಿಟ್ಟು ಹೋಗಿ.

ಕೆ.ಆರ್. ಮಾರ್ಕೆಟ್‌ಗೆ ಆರು ಗಂಟೆಗೆ ಮುಂಚೆಯೇ ತಲುಪಬೇಕು. ನೆಲ ಜಾರುತ್ತದೆ, ಮುಚ್ಚಿದ ಶೂ ಹಾಕಿಸಿ. ದೊಡ್ಡ ಬ್ಯಾಗ್ ಬೇಡ, ಮೂಟೆ ಹೊತ್ತವರ ದಾರಿಗೆ ಅಡ್ಡ ಬರುತ್ತದೆ. ಮೊದಲು ಮಹಡಿ ಹತ್ತಿ ಮೇಲಿನಿಂದ ಒಮ್ಮೆ ನೋಡಿಸಿ: ಸೇವಂತಿಗೆ, ಚೆಂಡು ಹೂವು, ಗುಲಾಬಿ ರಾಶಿ ರಾಶಿ. ಆಮೇಲೆ ಕೆಳಗೆ ಇಳಿಯಿರಿ. ಮಲ್ಲಿಗೆ ಮಾರುವ ಅಜ್ಜಿ ಮೊಣಕೈಯಿಂದ ಬೆರಳ ತುದಿವರೆಗೆ ಹೂ ಅಳೆದು ಒಂದು ಮೊಳ ಅಂದರು. ಅತಿಥಿ ತಮ್ಮ ಉದ್ದನೆಯ ಕೈ ಪಕ್ಕಕ್ಕಿಟ್ಟು ಅಳತೆ ನೋಡಿದರು. ಅಜ್ಜಿ ನಕ್ಕು, ಅವರ ಕೈಯಳತೆಯಲ್ಲೇ ಮೊಳ ಹಾಕಿ ಕೊಟ್ಟರು. ಫೋಟೊ ತೆಗೆಯುವ ಮುಂಚೆ ಕೇಳಬೇಕು ಅಂತ ಹೇಳಿಕೊಟ್ಟಿದ್ದೆವು. ‘ಫೋಟೊ ತೆಗೀಲಾ?’ ಅನ್ನುವ ಎರಡು ಮಾತು ಕಲಿಸಿದರೆ ಸಾಕು, ಮಾರ್ಕೆಟ್‌ನ ಅರ್ಧ ಜನ ಅವರ ಕಡೆಯಾಗುತ್ತಾರೆ.

ಅವರಿಗೆ ಇಡೀ ಬೆಂಗಳೂರಿನಲ್ಲಿ ಭಯ ಆದದ್ದು ಒಂದಕ್ಕೇ, ರಸ್ತೆ ದಾಟುವುದಕ್ಕೆ. ಸುಮ್ನೆ ‘ಬನ್ನಿ, ಏನಾಗಲ್ಲ’ ಅಂದರೆ ಆಗುವುದಿಲ್ಲ. ಗಾಡಿ ಬರುವ ಕಡೆಗೆ ನಾವು ನಿಲ್ಲಬೇಕು, ಅವರ ಮುಂಗೈ ಹಿಡಿಯಬೇಕು, ನಡುವೆ ಓಡಬಾರದು, ಹಿಂದಕ್ಕೆ ಹೆಜ್ಜೆ ಇಡಬಾರದು. ದೂರದ ಓಡಾಟಕ್ಕೆ ಮೆಟ್ರೊ ಒಳ್ಳೆಯದು. ಲಾಲ್‌ಬಾಗ್, ಕೆ.ಆರ್. ಮಾರ್ಕೆಟ್ ಎರಡೂ ಹಸಿರು ಮಾರ್ಗದಲ್ಲೇ ಇವೆ. ಕಬ್ಬನ್ ಪಾರ್ಕ್, ವಿಧಾನಸೌಧ ನೇರಳೆ ಮಾರ್ಗದಲ್ಲಿ. ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದರಾಯಿತು. ಎಷ್ಟು ಕಿಲೋಮೀಟರ್ ಅಂತ ಕೇಳಿದರೆ ಎಷ್ಟು ಹೊತ್ತು ಅಂತ ಉತ್ತರ ಕೊಡಿ, ನಮ್ಮೂರಿನ ಲೆಕ್ಕ ಅದೇ ಅಲ್ವಾ.

ಟಿಪ್ಪು ಅರಮನೆಯಂಥ ಪುರಾತತ್ವ ಇಲಾಖೆಯ ಜಾಗಗಳಲ್ಲಿ ವಿದೇಶಿಯರಿಗೆ ಟಿಕೆಟ್ ದರ ಹಲವು ಪಟ್ಟು ಜಾಸ್ತಿ. ಮೊದಲೇ ಹೇಳಿಡಿ, ಕೌಂಟರ್ ಮುಂದೆ ಮುಜುಗರ ತಪ್ಪುತ್ತದೆ. ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ: ಬಿಸಿಬಿಸಿಯಾದದ್ದು ಯಾವುದಾದರೂ ಸರಿ, ಕತ್ತರಿಸಿಟ್ಟ ಹಣ್ಣು ಬೇಡ, ನೀರು ಕುದಿಸಿದ್ದೇ ಇರಲಿ.

ಆ ನೀರಿನಿಂದಲೇ ನಮ್ಮ ಪ್ರವಾಸಕ್ಕೆ ಒಂದು ದಾರಿ ಸಿಕ್ಕಿತು. ಎರಡನೇ ದಿನ ಅಡುಗೆಮನೆಯಲ್ಲಿ ನೀರು ಕುದಿಸುವಾಗ ಆತ ಬಂದು, ಇದು ಎಲ್ಲಿಂದ ಬರುತ್ತದೆ ಅಂತ ಕೇಳಿದರು. ಕಾವೇರಿಯಿಂದ ಅಂದೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಮೇಲಕ್ಕೆ, ಮೂರು ಹಂತದಲ್ಲಿ ಪಂಪ್ ಮಾಡಿ ತರುತ್ತಾರೆ ಅಂದಾಗ ಅವರು ಲೋಟ ಕೆಳಗಿಟ್ಟುಬಿಟ್ಟರು. ನೀರನ್ನು ಹೊರಕ್ಕೆ ಪಂಪ್ ಮಾಡಿ ನೆಲ ಉಳಿಸಿಕೊಂಡ ದೇಶದವರು. ಒಂದು ಇಡೀ ನಗರಕ್ಕೆ ನೀರನ್ನು ಬೆಟ್ಟ ಹತ್ತಿಸಿದ ಹಾಗೆ ಮೇಲಕ್ಕೆ ತರುತ್ತಾರೆ ಅನ್ನುವುದು ಅವರ ಮನಸ್ಸಿನಿಂದ ಹೋಗಲೇ ಇಲ್ಲ. ‘ಆ ನದಿ ನೋಡಬೇಕು’ ಅಂದರು.

ಹಳ್ಳಿಗೆ ರೈಲಿನಲ್ಲಿ ಹೋದೆವು. ಮೈಸೂರಿನ ಹೊಸ ಹೆದ್ದಾರಿ ಬೇಗ ತಲುಪಿಸುತ್ತದೆ, ಆದರೆ ಅಲ್ಲಿ ಬೇಲಿ, ಮೇಲ್ಸೇತುವೆ ಬಿಟ್ಟರೆ ಕಾಣುವುದು ಕಡಿಮೆ. ರೈಲಿನ ಕಿಟಕಿಯಲ್ಲಿ ರಾಮನಗರದ ಬಂಡೆಬೆಟ್ಟ, ಆಮೇಲೆ ತೆಂಗಿನ ತೋಟ, ಮಂಡ್ಯ ಹತ್ತಿರವಾದ ಹಾಗೆ ಕಬ್ಬು, ಭತ್ತದ ಗದ್ದೆ. ಬುಟ್ಟಿಯಲ್ಲಿ ಮಾರಲು ಬಂದ ಮದ್ದೂರು ವಡೆಯನ್ನು ಕಾಗದದಲ್ಲಿ ಹಿಡಿದು ತಿಂದರು. ಹೋಗುವಾಗ ರೈಲು, ಬರುವಾಗ ಕಾರು, ಹೀಗೆ ಮಾಡಿ.

ಹಳ್ಳಿಯಲ್ಲಿ ಮೂರು ವಿಷಯ ಮುಂಚೆ ಮಾತಾಡಿಕೊಂಡಿದ್ದು ಒಳ್ಳೆಯದಾಯಿತು. ಶೌಚಾಲಯ ಹೇಗಿದೆ ಅಂತ ಮುಚ್ಚುಮರೆ ಇಲ್ಲದೆ ಅತಿಥಿಗಳಿಗೆ ಹೇಳಿದ್ದೆ. ಮಕ್ಕಳಿಗೆ ದುಡ್ಡು, ಚಾಕಲೇಟು ಹಂಚಬೇಡಿ ಅಂದಿದ್ದೆ. ಇನ್ನೊಂದು ನಮ್ಮವರಿಗೆ: ಎಲ್ಲರೂ ಒಟ್ಟಿಗೆ ಬಂದು ಸೆಲ್ಫಿ ಕೇಳಬೇಡಿ ಅಂತ ಅಣ್ಣನಿಗೆ ಹೇಳಿದ್ದೆ. ಆದರೂ ಮೊದಲ ಸಂಜೆ ಜಗಲಿ ತುಂಬ ಜನ. ಆಗ ಅತ್ತಿಗೆ ಒಂದು ಕೆಲಸ ಮಾಡಿದರು. ಆ ಹೆಂಗಸನ್ನು ಒಳಗೆ ಕರೆದು, ಕೊಬ್ಬರಿ ಕತ್ತರಿಸಲು ಕೂರಿಸಿದರು. ಎಳ್ಳು ಬೆಲ್ಲಕ್ಕೆ ಕೊಬ್ಬರಿ ಸಣ್ಣಗೆ ಹೆಚ್ಚಬೇಕಲ್ಲ. ಕೈಗೆ ಕೆಲಸ ಸಿಕ್ಕ ಕೂಡಲೇ ಅವರು ಮನೆಯವರಾಗಿಬಿಟ್ಟರು. ಭಾಷೆ ಬೇಕಾಗಲೇ ಇಲ್ಲ. ನೀವು ಹಳ್ಳಿಗೆ ಕರೆದುಕೊಂಡು ಹೋಗುವುದಾದರೆ ತೋರಿಸುವುದಕ್ಕಿಂತ ಮಾಡಿಸುವುದನ್ನು ಜಾಸ್ತಿ ಇಟ್ಟುಕೊಳ್ಳಿ.

ಸಂಕ್ರಾಂತಿ ಸಂಜೆ ಕಿಚ್ಚು ಹಾಯಿಸಿದರು. ಕೊಂಬಿಗೆ ಬಣ್ಣ ಬಳಿದ ಎತ್ತುಗಳು ಹುಲ್ಲಿನ ಬೆಂಕಿ ದಾಟಿ ಓಡಿದವು. ಆತ ಉಸಿರು ಹಿಡಿದು ನೋಡಿದರು. ಆಕೆಗೆ ಎತ್ತುಗಳ ಬಗ್ಗೆ ಸಂಕಟವಾಯಿತು, ನೇರವಾಗಿ ಹೇಳಿದರು. ಹಿಂದಿನಿಂದ ಬಂದದ್ದು, ಮೈಮೇಲಿನ ಉಣ್ಣೆ ಹುಳುಗಳು ಉದುರುತ್ತವೆ ಅನ್ನುವ ನಂಬಿಕೆ ಇದೆ ಅಂತ ಅಣ್ಣ ಹೇಳಿದ. ಇಂಥ ಹೊತ್ತಿನಲ್ಲಿ ಯಾರನ್ನೂ ಒಪ್ಪಿಸಲು ಹೋಗಬೇಡಿ. ಇಬ್ಬರ ಮಾತನ್ನೂ ಸರಿಯಾಗಿ ಅನುವಾದ ಮಾಡಿ ಹೇಳಿದರೆ ಸಾಕು.

ಮರುದಿನ ಆಲೆಮನೆಗೆ ಹೋದೆವು. ಕಬ್ಬಿನ ಹಾಲು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು, ಕೆಳಗೆ ಉರಿಗೆ ಒಣಗಿದ ಕಬ್ಬಿನ ಸಿಪ್ಪೆ. ಒಬ್ಬರು ಉದ್ದ ಹಿಡಿಯ ಜಾಲರಿಯಲ್ಲಿ ಮೇಲೆ ಬಂದ ಮಡ್ಡಿ ತೆಗೆಯುತ್ತಲೇ ಇದ್ದರು. ಪಾಕ ಬಂತಾ ಅಂತ ನೋಡಲು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿದರು. ಮೊದಲ ಸಲ ಕರಗಿತು, ಎರಡನೇ ಸಲ ಎಳೆಯಾಯಿತು, ಮೂರನೇ ಸಲ ಉಂಡೆ ನಿಂತಿತು. ತಕ್ಷಣ ಎಲ್ಲರೂ ಓಡಿ ಬಂದು ಕೊಪ್ಪರಿಗೆ ಇಳಿಸಿದರು. ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿಕೊಟ್ಟರು. ಕೊಪ್ಪರಿಗೆ ಹತ್ತಿರ ಹೋಗುವಾಗ ಅತಿಥಿಗಳನ್ನು ಎರಡು ಹೆಜ್ಜೆ ಹಿಂದೆಯೇ ನಿಲ್ಲಿಸಿ, ಹನಿ ಸಿಡಿದರೆ ಚರ್ಮ ಸುಡುತ್ತದೆ.

ಹಳ್ಳಿ ಚೆಂದ ಅಂತ ಮಾತ್ರ ತೋರಿಸಿ ಕಳಿಸಬಾರದು ಅನ್ನುವುದು ನನ್ನ ಬಲವಾದ ಅನಿಸಿಕೆ. ರಾತ್ರಿ ಊಟಕ್ಕೆ ಕೂತಾಗ ಆತ ಅಣ್ಣನನ್ನು, ನಿಮ್ಮ ನಂತರ ಈ ಹೊಲ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದರು. ಅಣ್ಣ ಮುದ್ದೆ ಮುರಿಯುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ, ಕಬ್ಬು ಕಡಿಯಲು ಆಳು ಸಿಗುವುದಿಲ್ಲ, ನಾಲೆ ನೀರು ಯಾವಾಗ ಬಿಡುತ್ತಾರೋ ಅಂತ ಕಾಯಬೇಕು, ಎಲ್ಲ ಹೇಳಿದ. ನಾನು ಒಂದೂ ಬಿಡದೆ ಇಂಗ್ಲಿಷ್‌ನಲ್ಲಿ ಹೇಳಿದೆ. ತಮ್ಮೂರಿನ ಹಾಲಿನ ರೈತರ ಮಕ್ಕಳೂ ಊರು ಬಿಟ್ಟಿದ್ದಾರೆ ಅಂತ ಆತ ಹೇಳಿದರು. ಇಬ್ಬರೂ ಆ ರಾತ್ರಿ ಹನ್ನೊಂದರವರೆಗೆ ಹಸುಗಳ ಬಗ್ಗೆ ಮಾತಾಡಿದರು.

ಮೂರನೇ ದಿನ ಬೆಳಿಗ್ಗೆ ಶ್ರೀರಂಗಪಟ್ಟಣ, ರಂಗನತಿಟ್ಟು. ರಂಗನತಿಟ್ಟಿಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ದೋಣಿಗೆ ಸಾಲು ಇರುವುದಿಲ್ಲ, ಹಕ್ಕಿಗಳೂ ಚುರುಕಾಗಿರುತ್ತವೆ. ಬಂಡೆಯ ಮೇಲೆ ಮೊಸಳೆ ಬಿಸಿಲು ಕಾಯಿಸುತ್ತಿತ್ತು. ಶ್ರೀರಂಗಪಟ್ಟಣದಲ್ಲಿ 1784ರ ದರಿಯಾ ದೌಲತ್ ಅರಮನೆಯ ಗೋಡೆಚಿತ್ರಗಳಿಗೆ ಕನಿಷ್ಠ ಒಂದು ಗಂಟೆ ಇಡಿ. ದೇವಸ್ಥಾನದಲ್ಲಿ ಚಪ್ಪಲಿ ಬಿಡಬೇಕು, ಮಧ್ಯಾಹ್ನ ಕಲ್ಲು ಕಾದಿರುತ್ತದೆ, ಹಾಗಾಗಿ ಬೆಳಿಗ್ಗೆಯೇ ಮುಗಿಸಿ. ಕೊನೆಗೆ ನದಿಯ ಮೆಟ್ಟಿಲಿಗೆ ಬಂದು ಕೂತೆವು. ಈ ನೀರೇ ಮುಂದೆ ಹರಿದು ಹೋಗಿ ನಮ್ಮ ನಲ್ಲಿಗೆ ಹತ್ತುವುದು ಅಂದೆ. ಶಿವನಸಮುದ್ರದಲ್ಲಿ ಇದೇ ನದಿಯಿಂದ ವಿದ್ಯುತ್ ಮಾಡಿ 1905ರಲ್ಲಿ ಬೆಂಗಳೂರಿಗೆ ದೀಪ ಕೊಟ್ಟರು ಅನ್ನುವುದನ್ನೂ ಹೇಳಿದೆ. ಅವರಿಬ್ಬರೂ ಕಾಲು ನೀರಿಗಿಟ್ಟು ತುಂಬ ಹೊತ್ತು ಕೂತಿದ್ದರು. ನೀರು ಬಿಡುವ ದಿನಗಳಲ್ಲಿ ಸೆಳೆತ ಜಾಸ್ತಿ. ಮೆಟ್ಟಿಲಿನಿಂದ ಕೆಳಗೆ ಇಳಿಯಲು ಬಿಡಬೇಡಿ.

ಬೆಂಗಳೂರಿಗೆ ಮರಳಿದ ಮೇಲೆ ಹೊಸ ಜಾಗ ಯಾವುದನ್ನೂ ಇಟ್ಟುಕೊಳ್ಳಲಿಲ್ಲ. ಎಲ್ಲಿಗೆ ಹೋಗೋಣ ಅಂದರೆ ಮತ್ತೆ ಮಾರ್ಕೆಟ್‌ಗೆ ಅಂದರು. ಈ ಸಲ ಮಹಡಿ ಹತ್ತಲಿಲ್ಲ. ಬೆಲ್ಲದ ಅಂಗಡಿ ಮುಂದೆ ನಿಂತು, ಅಚ್ಚಿನ ಬಣ್ಣ ನೋಡಿ ಇದು ಎಲ್ಲಿಯದು ಅಂತ ಕೇಳಿಸಿದರು. ಮಂಡ್ಯದ್ದು ಅಂದರು ಅಂಗಡಿಯವರು. ಆಲೆಮನೆಯಲ್ಲಿ ಹೇಗೆ ಉಂಡೆ ಕಟ್ಟಿ ನೋಡುತ್ತಾರೆ ಅಂತ ಆಕೆ ಎರಡು ಬೆರಳು ಉಜ್ಜಿ ತೋರಿಸಿದರು. ಅಂಗಡಿಯವರು ಕೆಲಸ ನಿಲ್ಲಿಸಿ ಸ್ಟೂಲ್ ಹಾಕಿ ಕೂರಿಸಿದರು.

ಹೊರಡುವ ರಾತ್ರಿ ಬ್ಯಾಗ್‌ನಲ್ಲಿ ಎರಡು ಅಚ್ಚು ಬೆಲ್ಲ ಇತ್ತು. ಕಾಗದದಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಹಾಕಿ, ಕೈಚೀಲದಲ್ಲಿ ಅಲ್ಲ, ಚೆಕ್-ಇನ್ ಬ್ಯಾಗ್‌ನ ನಡುವೆ ಬಟ್ಟೆಗಳ ಮಧ್ಯೆ ಇಡಿ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಮನೆಯಿಂದ ಎಷ್ಟು ಹೊತ್ತು ಬೇಕು ಅಂದುಕೊಳ್ಳುತ್ತೀರೋ ಅದಕ್ಕೆ ಒಂದು ಗಂಟೆ ಸೇರಿಸಿ ಹೊರಡಿ.