ಆ್ಯಪಿನಲ್ಲಿ ಕನ್ನಡ ಯಾಕೆ ಒಡೆಯುತ್ತದೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಕನ್ನಡದಲ್ಲಿ ಹೆಸರು ಹಾಕಿದರೆ ಬರೀ ಪ್ರಶ್ನೆ ಗುರುತು ಬರುತ್ತೆ. ಬಿಲ್ ಪ್ರಿಂಟ್ ಮಾಡಿದರೆ ಒತ್ತಕ್ಷರ ಕೆಳಗಿಳಿಯೋದೇ ಇಲ್ಲ. ಕಂಪ್ಯೂಟರಿಗೆ ಕನ್ನಡ ಇನ್ನೂ ಸರಿಯಾಗಿ ಬರಲ್ವಾ?" ಕೋಡ್ ಬರೆಯುವವರೂ ಇದನ್ನು ಕೇಳುತ್ತಾರೆ, ಬರೆಸುವವರೂ ಕೇಳುತ್ತಾರೆ.

ಬರುತ್ತದೆ. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪಟ್ಟಿಯೇ ಯುನಿಕೋಡ್. 1991ರಲ್ಲಿ ಅದರ ಮೊದಲ ಆವೃತ್ತಿ ಹೊರಬಂದಾಗಲೇ ಕನ್ನಡ ಅದರಲ್ಲಿತ್ತು. ದಶಮಾಂಶ ಲೆಕ್ಕದಲ್ಲಿ 3200ರಿಂದ 3327ರವರೆಗಿನ 128 ಸ್ಥಾನ ನಮ್ಮದು. ಕೀಬೋರ್ಡಿನಿಂದ ಪರದೆಗೆ ಹೋಗುವ ದಾರಿಯಲ್ಲಿ ಯಾವುದೋ ಒಂದು ಕಡೆ, ಅಕ್ಷರವೆಂದರೆ ಇಂಗ್ಲಿಷಿನ ಅಕ್ಷರ ಎಂದುಕೊಂಡು ಯಾರೋ ಕೋಡ್ ಬರೆದಿರುತ್ತಾರೆ. ಒಡೆಯುವುದು ಅಲ್ಲಿ. ಆ ಜಾಗ ಯಾವುದೆಂದು ಒಡೆದ ಪಠ್ಯವೇ ಹೇಳುತ್ತದೆ. ಹೇಗೆ ಒಡೆದಿದೆ ಎಂದು ನೋಡಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಮೊದಲು "ಕರ್ನಾಟಕ" ಎಂಬ ಪದವನ್ನೇ ನೋಡೋಣ. ಓದುವ ನಮಗೆ ಇದು 4 ಅಕ್ಷರ: ಕ, ರ್ನಾ, ಟ, ಕ. ಒಳಗೆ ಕೂತಿರುವುದು 7 ಕೋಡ್ ಪಾಯಿಂಟ್, ಅಂದರೆ ಯುನಿಕೋಡ್ ಸಂಖ್ಯೆ: ಕ, ರ, ಹಲಂತದ ಗುರುತು, ನ, ದೀರ್ಘ, ಟ, ಕ. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಕೋಡ್ ಪಾಯಿಂಟಿಗೂ 3 ಬೈಟ್, ಅಲ್ಲಿಗೆ 21 ಬೈಟ್. ಇದೇ ಪದದ ಉದ್ದ ಎಷ್ಟು ಎಂದು ಕೇಳಿ ನೋಡಿ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ 7 ಎನ್ನುತ್ತವೆ. ಗೋ, ರಸ್ಟ್ ಮತ್ತು ಪಿಎಚ್‌ಪಿಯ ಹಳೆಯ ಫಂಕ್ಷನ್ 21 ಎನ್ನುತ್ತವೆ. ಯುನಿಕೋಡ್ 15.1ರ ಗ್ರಾಫೀಮ್ (ಓದುಗ ಒಂದೇ ಅಕ್ಷರವೆಂದು ಕಾಣುವ ಘಟಕ) ನಿಯಮದ ಪ್ರಕಾರ ಎಣಿಸಿದರೆ 5, ಏಕೆಂದರೆ "ರ್" ಮತ್ತು "ನಾ" ಅಲ್ಲಿ ಬೇರೆ ಬೇರೆ. ಒತ್ತಕ್ಷರವನ್ನು ಒಡೆಯದೆ ಇಡುವ ನಿಯಮವನ್ನು ಅದೇ ಆವೃತ್ತಿಯಲ್ಲಿ ತೆಲುಗು, ಮಲಯಾಳಂ, ದೇವನಾಗರಿ ಮುಂತಾದ ಆರು ಲಿಪಿಗಳಿಗೆ ಸೇರಿಸಿದರು, ಕನ್ನಡವನ್ನು ಸೇರಿಸಲಿಲ್ಲ. ತೆಲುಗಿಗೂ ನಮಗೂ ಲಿಪಿಯ ನಡೆ ಒಂದೇ ಆಗಿರುವಾಗ ಈ ಬಿಟ್ಟುಹೋಗುವಿಕೆ ನೋವಿನ ಸಂಗತಿ. 4, 5, 7, 21: ನಾಲ್ಕೂ ಸರಿ, ಬೇರೆ ಬೇರೆ ಪ್ರಶ್ನೆಗಳಿಗೆ. ಡೇಟಾಬೇಸಿನ ಜಾಗಕ್ಕೆ ಬೈಟ್ ಲೆಕ್ಕ, ಓದುಗನ ಕಣ್ಣಿಗೆ ಅಕ್ಷರದ ಲೆಕ್ಕ. ಎರಡನ್ನೂ ಕಲಸಿದರೆ ತೊಂದರೆ ಶುರು.

ಈಗ ಲಕ್ಷಣಗಳಿಗೆ ಬರೋಣ. ಕನ್ನಡದ ಜಾಗದಲ್ಲಿ ಸಾಲುಸಾಲಾಗಿ "?????" ಬಂದರೆ ಬರೆಯುವ ಹೊತ್ತಿಗೇ ಹಾನಿಯಾಗಿದೆ. ಅಲ್ಲಿ ಉಳಿದಿರುವುದು ನಿಜವಾದ ಪ್ರಶ್ನೆ ಗುರುತು, ಮೂಲ ಅಕ್ಷರ ವಾಪಸ್ ಬರುವುದಿಲ್ಲ. ಹಾಗಾಗಿ ಮೊದಲು ಹೊಸ ದಾಖಲೆ ಸೇರುವುದನ್ನು ನಿಲ್ಲಿಸಿ, ಆಮೇಲೆ ಕಾರಣ ಹುಡುಕಿ. ಮೈಎಸ್‌ಕ್ಯೂಎಲ್‌ನಲ್ಲಾದರೆ ಟೇಬಲ್ ಅಥವಾ ಕನೆಕ್ಷನ್ ಲ್ಯಾಟಿನ್-1ರಲ್ಲಿ (ಪಶ್ಚಿಮ ಯುರೋಪಿನ ಅಕ್ಷರಗಳಿಗಷ್ಟೇ ಜಾಗವಿರುವ ಹಳೆಯ ಪದ್ಧತಿ) ಇರುತ್ತದೆ, 8.0ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಡೀಫಾಲ್ಟ್ ಅದೇ ಆಗಿತ್ತು. ಟೇಬಲ್ ಬದಲಿಸಿ ಕನೆಕ್ಷನ್ ಬದಲಿಸಲು ಮರೆಯುವವರೇ ಹೆಚ್ಚು. ಎಸ್‌ಕ್ಯೂಎಲ್ ಸರ್ವರ್‌ನಲ್ಲಾದರೆ ಕಾಲಮ್ ಎನ್‌ವಾರ್ಚಾರ್ ಆಗಿದ್ದರೂ ಕ್ವೆರಿಯಲ್ಲಿ ಪಠ್ಯಕ್ಕೆ ಮೊದಲು "ಎನ್" ಹಾಕದೆ ಬಿಟ್ಟರೆ ಇದೇ ಗತಿ.

ತಲೆಯ ಮೇಲೆ ಗೆರೆಯಿರುವ ಇಂಗ್ಲಿಷ್ "ಎ", ಅದರ ಪಕ್ಕ ಪುಟ್ಟ 2 ಅಥವಾ 3, ಹೀಗೇ ಉದ್ದಕ್ಕೂ ಬಂದರೆ ಖುಷಿಪಡಿ. ಬೈಟುಗಳು ಸುರಕ್ಷಿತವಾಗಿವೆ, ಯುಟಿಎಫ್-8 ಪಠ್ಯವನ್ನು ಲ್ಯಾಟಿನ್-1 ಎಂದು ಓದಲಾಗಿದೆ, ಅಷ್ಟೆ. ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಹೀಗಾಗುತ್ತದೆ. ಕಡತದ ತಲೆಯಲ್ಲಿ ಬಿಒಎಂ ಎಂಬ 3 ಬೈಟ್ ಸೇರಿಸಿ ಬರೆದರೆ ಎಕ್ಸೆಲ್ ಸರಿಯಾಗಿ ಓದುತ್ತದೆ.

ಬರೀ ಖಾಲಿ ಚೌಕಗಳು ಬಂದರೆ ಫಾಂಟ್ ಇಲ್ಲ. ನೋಟೋ ಸಾನ್ಸ್ ಕನ್ನಡದಂಥ ಫಾಂಟನ್ನು ಸರ್ವರಿನಲ್ಲೋ ಡಾಕರ್ ಇಮೇಜಿನಲ್ಲೋ ಹಾಕಿ.

ಗೆರೆ ಹೊತ್ತ ಇಂಗ್ಲಿಷ್ ದೊಡ್ಡಕ್ಷರಗಳ ರಾಶಿ ಬಂದರೆ ಅದು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಪಠ್ಯ. ಅಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಕೋಡುಗಳ ಮೇಲೆ ಕೂರಿಸಲಾಗಿತ್ತು. ಒಂದಕ್ಕೊಂದು ಬದಲಿಸುತ್ತಾ ಹೋದರೆ ಅರ್ಕಾವತ್ತಿನಲ್ಲಿ ಎಡವುತ್ತೀರಿ: ಹಳೆಯ ಪಠ್ಯದಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ "ನಾ" ಆದಮೇಲೆ ಇರುತ್ತದೆ, ಯುನಿಕೋಡಿನಲ್ಲಿ "ರ್" ಮೊದಲು ಬರಬೇಕು. ಪರಿವರ್ತಕ ಇಡೀ ಅಕ್ಷರವನ್ನು ಗುರುತಿಸಿ ಅದರ ಹಿಂದಕ್ಕೆ "ರ್" ಸಾಗಿಸಬೇಕು.

ಇಲ್ಲೇ ಹೇಳಬೇಕಾದ ಇನ್ನೊಂದು ಮಾತು. "ಕನಾ೯ಟಕ", "ಬೆ೦ಗಳೂರು" ಎಂದು ಬರೆದದ್ದನ್ನು ನೋಡಿ. ಓದಲು ಸರಿಯಾಗಿಯೇ ಇದೆ. ಆದರೆ ಮೊದಲನೆಯದರಲ್ಲಿ ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು ಕೂತಿದೆ, ಎರಡನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಸೊನ್ನೆ. ಅನುಸ್ವಾರದ ಸಂಖ್ಯೆ 3202, ಸೊನ್ನೆಯದು 3302. ಸರ್ಕಾರಿ ಸುತ್ತೋಲೆಯಿಂದ ಮದುವೆ ಕರೆಯೋಲೆಯವರೆಗೆ ಈ ತಪ್ಪು ಇದೆ, ಹುಡುಕಿದಾಗ ಮಾತ್ರ ಆ ಪದ ಸಿಗುವುದಿಲ್ಲ. ಕನ್ನಡ ಅಕ್ಷರಕ್ಕೆ ಅಂಟಿಕೊಂಡಿರುವ ಸೊನ್ನೆಯನ್ನು ಅನುಸ್ವಾರ ಮಾಡುವ ಒಂದು ಸಾಲನ್ನು ಪಠ್ಯ ಒಳಬರುವ ಬಾಗಿಲಲ್ಲೇ ಹಾಕಿಡಿ.

ಹುಡುಕಾಟ ಸೋಲಲು ಕಾಣದ ಅಕ್ಷರಗಳೂ ಕಾರಣ. "ರಾಜ್‌ಕುಮಾರ್" ಎಂದು ಬರೆಯುವಾಗ ಜ್ ಮತ್ತು ಕು ನಡುವೆ 8204 ಎಂಬ ಕಾಣದ ಕೋಡ್ ಇದೆ. ಅದಿಲ್ಲದಿದ್ದರೆ "ರಾಜ್ಕುಮಾರ್" ಆಗುತ್ತದೆ. "ರ‍್ಯಾಂಕ್" ಎಂಬಲ್ಲಿ ರ ಆದಕೂಡಲೇ 8205 ಇದೆ. ತೆಗೆದರೆ ಅರ್ಕಾವತ್ತಾಗಿ "ರ್ಯಾಂಕ್" ಎಂದು ಕಾಣುತ್ತದೆ. ಸುರಕ್ಷತೆಯ ಹೆಸರಿನಲ್ಲಿ ಕಾಣದ ಕೋಡುಗಳನ್ನೆಲ್ಲ ಗುಡಿಸಿಹಾಕುವ ಫಂಕ್ಷನ್‌ಗಳಿವೆ, ಅವು ಕನ್ನಡದ ಕಾಗುಣಿತವನ್ನೇ ಕೆಡಿಸುತ್ತವೆ. ಹಾಗಾಗಿ ಮೂಲ ಪಠ್ಯವನ್ನು ಇದ್ದಂತೆ ಉಳಿಸಿ. ಹುಡುಕಲೆಂದು ಇನ್ನೊಂದು ಕಾಲಮ್ ಇಟ್ಟು, ಅಲ್ಲಿ ಮಾತ್ರ 8204 ಮತ್ತು 8205 ತೆಗೆಯಿರಿ. ಅದಕ್ಕೂ ಮೊದಲು ಎನ್‌ಎಫ್‌ಸಿಗೆ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಬರವಣಿಗೆಗಳನ್ನು ಒಂದು ಮಾಡುವ ಯುನಿಕೋಡ್ ರೂಪಕ್ಕೆ ತನ್ನಿ, ಏಕೆಂದರೆ "ಕೊ" ಎಂಬುದನ್ನು ಎರಡು ಕೋಡಿನಲ್ಲೂ ಬರೆಯಬಹುದು, ಎತ್ವ ಮತ್ತು ಊತ್ವ ಜೋಡಿಸಿ ಮೂರು ಕೋಡಿನಲ್ಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ.

ರೆಗೆಕ್ಸ್ (ಪಠ್ಯದಲ್ಲಿ ವಿನ್ಯಾಸ ಹುಡುಕುವ ಸೂತ್ರ) ಬಳಸುವವರು ಇದನ್ನು ಪರೀಕ್ಷಿಸಲೇಬೇಕು. ಪೈಥಾನಿನ "ಪದದ ಅಕ್ಷರ" ಎಂಬ ಗುರುತಿನೊಳಗೆ ಹಲಂತವೂ ಸ್ವರಚಿಹ್ನೆಗಳೂ ಸೇರಿಲ್ಲ. "ಕನ್ನಡ" ಕೊಟ್ಟರೆ "ಕನ" ಮತ್ತು "ನಡ" ಎಂಬ ಎರಡು ತುಂಡು ಸಿಗುತ್ತವೆ. ಪದಗಳನ್ನು ಎಣಿಸುವ ಕೆಲಸ ಇದರ ಮೇಲೆ ನಿಂತಿದ್ದರೆ ಅಲ್ಲಿಂದ ಮುಂದೆ ಎಲ್ಲವೂ ತಪ್ಪು. ಅಕ್ಷರ ಮತ್ತು ಚಿಹ್ನೆ ಎರಡೂ ವರ್ಗಗಳನ್ನು ಸೇರಿಸಿ ಬರೆಯಿರಿ.

ಕತ್ತರಿಸುವಾಗಲೂ ಎಚ್ಚರ ಬೇಕು. "20 ಅಕ್ಷರ ತೋರಿಸಿ ಮೂರು ಚುಕ್ಕಿ ಹಾಕು" ಎಂಬ ಕೋಡ್ ಬೈಟಿನ ನಡುವೆ ಕತ್ತರಿಸಿದರೆ ಕಪ್ಪು ವಜ್ರದೊಳಗೆ ಪ್ರಶ್ನೆ ಗುರುತು ಬರುತ್ತದೆ. ಎರಡು ಕೋಡ್ ಪಾಯಿಂಟುಗಳ ನಡುವೆ ಕತ್ತರಿಸಿದರೆ ಮುಂದಿನ ತುಂಡಿನ ಮೊದಲಲ್ಲಿ ಚುಕ್ಕಿಗಳ ವೃತ್ತಕ್ಕೆ ಒಂಟಿ ಕೊಂಬೋ ದೀರ್ಘವೋ ಅಂಟಿಕೊಂಡಿರುತ್ತದೆ. ಕನ್ನಡಕ್ಕೆ ನಿಯಮ ಸರಳ: ವ್ಯಂಜನ, ಹಲಂತ ಬಂದಷ್ಟೂ ಅದರ ಮುಂದಿನ ವ್ಯಂಜನ, ಆಮೇಲೆ ಇದ್ದರೆ ಸ್ವರಚಿಹ್ನೆ, ಇದ್ದರೆ ಅನುಸ್ವಾರ ಅಥವಾ ವಿಸರ್ಗ. ಹಲಂತದ ನಂತರ 8204 ಬಂದರೆ ಅಕ್ಷರ ಅಲ್ಲಿಗೆ ಮುಗಿಯಿತು. ರ ಮತ್ತು ಹಲಂತದ ನಡುವೆ 8205 ಬಂದರೆ ಅದನ್ನೂ ಒಳಗೆ ಸೇರಿಸಿಕೊಳ್ಳಿ. ಇಷ್ಟನ್ನು ಒಂದೇ ಸಾಲಿನ ರೆಗೆಕ್ಸಿನಲ್ಲಿ ಬರೆದಿಟ್ಟುಕೊಂಡರೆ ಯಾವ ಭಾಷೆಯಲ್ಲಿ ಕೋಡ್ ಮಾಡಿದರೂ ಕೆಲಸಕ್ಕೆ ಬರುತ್ತದೆ.

ಒರಾಕಲ್‌ ಡೇಟಾಬೇಸಿನಲ್ಲಿ ಕಾಲಮಿನ ಅಳತೆ ಡೀಫಾಲ್ಟಾಗಿ ಬೈಟಿನದು. 50 ಎಂದು ಕೊಟ್ಟರೆ ಹಿಡಿಯುವುದು 16 ಕೋಡ್ ಪಾಯಿಂಟ್, ಒತ್ತಕ್ಷರಗಳಿರುವ ಪೂರ್ತಿ ಹೆಸರಿಗೆ ಸಾಲದು. ಅಳತೆಯ ನಂತರ "ಚಾರ್" ಎಂದು ಸೇರಿಸಿ. ಎಸ್‌ಎಂಎಸ್ ಲೆಕ್ಕವೂ ಮೊದಲೇ ಗೊತ್ತಿರಲಿ: ಇಂಗ್ಲಿಷಿನಲ್ಲಿ 160 ಹಿಡಿಯುವ ಒಂದು ಮೆಸೇಜಿನಲ್ಲಿ ಕನ್ನಡ 70 ಕೋಡ್ ಪಾಯಿಂಟ್ ಮಾತ್ರ ಹಿಡಿಯುತ್ತದೆ. ಅದನ್ನು ಮೀರಿದರೆ 67ರ ತುಂಡುಗಳಾಗಿ ಹೋಗುತ್ತದೆ, ದುಡ್ಡೂ ತುಂಡಿನ ಲೆಕ್ಕದಲ್ಲಿ.

ಉಳಿದದ್ದು ಬಿಲ್ಲಿನ ಪ್ರಶ್ನೆ. ಒತ್ತು ಕೆಳಗಿಳಿಯದೆ "ಕ ನ ್ ನ ಡ" ಎಂಬಂತೆ ಬಿಡಿಬಿಡಿಯಾಗಿ ಬಂದರೆ ಡೇಟಾ ಸರಿಯಿದೆ, ಫಾಂಟ್ ಸರಿಯಿದೆ, ಅಕ್ಷರಗಳನ್ನು ಜೋಡಿಸುವ ಶೇಪಿಂಗ್ ಇಂಜಿನ್ ಇಲ್ಲ. ಕ್ರೋಮ್, ಫೈರ್‌ಫಾಕ್ಸ್ ಬ್ರೌಸರುಗಳೂ ಆಂಡ್ರಾಯ್ಡೂ ಇದಕ್ಕೆ ಹಾರ್ಫ್‌ಬಜ್ ಬಳಸುತ್ತವೆ. ಅನೇಕ ಪಿಡಿಎಫ್ ಲೈಬ್ರರಿಗಳಿಗೆ ಆ ಕೆಲಸ ಬರುವುದಿಲ್ಲ. ಪೈಥಾನಿನ ಪಿಲ್ಲೋ ಎಂಬ ಚಿತ್ರದ ಲೈಬ್ರರಿಯಲ್ಲಿ ಚಿತ್ರದ ಮೇಲೆ ಕನ್ನಡ ಬರೆಯಲು ಲಿಬ್‌ರಾಕ್ಮ್ ಎಂಬ ಜೋಡಿಸುವ ಲೈಬ್ರರಿ ಜೊತೆಗಿರಬೇಕು. ಪಿಡಿಎಫ್‌ಗೆ ಅತ್ಯಂತ ಕಡಿಮೆ ತಲೆನೋವಿನ ದಾರಿ ಎಂದರೆ ಎಚ್‌ಟಿಎಂಎಲ್ ಬರೆದು ಪರದೆಯಿಲ್ಲದ ಕ್ರೋಮ್‌ನಿಂದ ಪ್ರಿಂಟ್ ಮಾಡಿಸುವುದು. ಅಂಗಡಿಯ ಥರ್ಮಲ್ ಪ್ರಿಂಟರಿಗೆ ಕನ್ನಡ ಪಠ್ಯವನ್ನು ನೇರವಾಗಿ ಕಳಿಸಬೇಡಿ. ಬಿಲ್ಲನ್ನು ಚಿತ್ರವಾಗಿ ಮಾಡಿ ಕಳಿಸಿ: 58 ಮಿ.ಮೀ. ಕಾಗದಕ್ಕೆ ಸಾಮಾನ್ಯವಾಗಿ 384 ಚುಕ್ಕಿ ಅಗಲ, 80 ಮಿ.ಮೀ.ಗೆ 576. ಸಾಲಿನ ಎತ್ತರವನ್ನು ಫಾಂಟಿನ ಒಂದೂವರೆ ಪಟ್ಟಿಗಿಂತ ಕಡಿಮೆ ಇಡಬೇಡಿ, "ಸ್ತ್ರೀ", "ರಾಷ್ಟ್ರ" ಎಂಬಲ್ಲಿ ಕೆಳಗಿನ ಒತ್ತು ಮುಂದಿನ ಸಾಲಿಗೆ ತಾಗುತ್ತದೆ.

ಟೆಸ್ಟ್ ಬರೆಯುವಾಗ "ಅಮರ", "ಕಮಲ" ಎಂಬಂಥ ಪದ ಕೊಟ್ಟು ಕೈತೊಳೆದುಕೊಳ್ಳಬೇಡಿ. ಒತ್ತೂ ಇಲ್ಲ, ಚಿಹ್ನೆಯೂ ಇಲ್ಲ, ಎಷ್ಟೋ ಕೆಟ್ಟ ಕೋಡಿನಲ್ಲೂ ಪಾಸಾಗುತ್ತವೆ. ಕರ್ನಾಟಕ, ಸ್ತ್ರೀ, ರ‍್ಯಾಂಕ್, ರಾಜ್‌ಕುಮಾರ್, ಬೆಂಗಳೂರು ಕೊಡಿ. ಐದನ್ನೂ ಫಾರ್ಮಿನಲ್ಲಿ ತುಂಬಿ, ಉಳಿಸಿ, ಹುಡುಕಿ, ಕತ್ತರಿಸಿ, ಸಿಎಸ್‌ವಿ ಇಳಿಸಿ, ಪ್ರಿಂಟ್ ತೆಗೆದು, ಕೊನೆಗೆ ಕನ್ನಡ ಓದಬಲ್ಲ ಒಬ್ಬರ ಕೈಗೆ ಆ ಕಾಗದ ಕೊಡಿ.