ಮರಿ ಸೂಸು, ಕ್ರೇಟು, ಮತ್ತೆ ನಮ್ಮ ಗಡಿಯಾರ

ನಾಯಿಮರಿ ತಂದ ಮನೇಲೆಲ್ಲಾ ಮೊದಲ ವಾರ ಕೇಳೋ ದೂರು ಒಂದೇ, ಹೊರಗೆ ಅಷ್ಟು ಹೊತ್ತು ನಿಂತ್ಕೊಂಡ್ವಿ ಏನೂ ಮಾಡ್ಲಿಲ್ಲ, ಒಳಗೆ ಕಾಲಿಟ್ಟ ತಕ್ಷಣ ಮ್ಯಾಟ್ ಮೇಲೆ ಹೊಯ್ತು, ಬೇಕಂತಲೇ ಮಾಡತ್ತೆ ಅಂತ. ಬೇಕಂತ ಏನಿಲ್ಲ ಮಾರಾಯ್ರೆ. ಎಂಟು ವಾರದ ಮರಿಗೆ ತಡ್ಕೊಳ್ಳೋ ಹಿಡಿತ ಇನ್ನೂ ಸರಿಯಾಗಿ ಬಂದೇ ಇರಲ್ಲ, ಮೂರು ನಾಲ್ಕು ತಿಂಗಳಾಗ್ತಾ ಬಂದ ಮೇಲೆ ಸ್ವಲ್ಪ ಸ್ವಲ್ಪ ಬರತ್ತೆ. ಹೊರಗಡೆ ಹೋದ್ರೆ ವಾಸನೆ, ಹಕ್ಕಿ, ಗಾಡಿ ಸದ್ದು, ಅದ್ರಲ್ಲಿ ಬಂದ ಕೆಲಸಾನೇ ಮರ್ತು ಹೋಗತ್ತೆ ಅಷ್ಟೇ.

ಎಷ್ಟು ಹೊತ್ತಿಗೊಮ್ಮೆ ಕರ್ಕೊಂಡು ಹೋಗ್ಬೇಕು ಅನ್ನೋದಕ್ಕೆ ನಾಯಿ ಸಾಕೋರು ಹೇಳೋ ಒಂದು ಅಂದಾಜಿದೆ, ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದ್ರೆ ಅಷ್ಟು ಗಂಟೆ, ಅಂದ್ರೆ 2 ತಿಂಗಳ ಮರಿ ಹೆಚ್ಚಂದ್ರೆ 3 ಗಂಟೆ. ಆದ್ರೆ ಅದು ಸುಮ್ನೆ ಮಲಗಿದ್ದಾಗಿನ ಲೆಕ್ಕ, ಎದ್ದು ಓಡಾಡ್ತಾ ಆಟ ಆಡ್ತಿರೋ ಮರಿಗೆ ಅರ್ಧ ಗಂಟೇನೂ ಜಾಸ್ತಿನೇ. ಹಾಗಾಗಿ ನಿದ್ದೆಯಿಂದ ಎದ್ದ ಕೂಡ್ಲೆ, ಊಟ ಆಗಿ ಹದಿನೈದಿಪ್ಪತ್ತು ನಿಮಿಷಕ್ಕೆ, ಆಟ ಮುಗೀತಿದ್ದ ಹಾಗೆ, ರಾತ್ರಿ ಮಲಗೋ ಮುಂಚೆ, ಹೊರಗೆ. ಆಟದ ಮಧ್ಯೆ ಇದ್ದಕ್ಕಿದ್ದಂಗೆ ಬಾಲ್ ಬಿಟ್ಟು, ಮೂಗು ನೆಲಕ್ಕೆ ಹಚ್ಚಿ ಸುತ್ತು ಹೊಡೀತಾ ಸೋಫಾ ಹಿಂದೆ ಹೊರಟ್ರೆ ಚಪ್ಪಲಿ ಹುಡುಕ್ತಾ ಕೂರ್ಬೇಡಿ, ಎತ್ಕೊಂಡು ಓಡಿ.

ಇನ್ನೊಂದು, ಹೊರಗೆ ಸೂಸು ಶುರು ಮಾಡಿದ್ ಕೂಡ್ಲೇ ತುಂಬಾ ಜನ ಖುಷಿಗೆ ಗುಡ್ ಬಾಯ್ ಗುಡ್ ಬಾಯ್ ಅಂತ ಕೂಗಿಬಿಡ್ತಾರೆ, ಮರಿ ಅರ್ಧಕ್ಕೇ ನಿಲ್ಲಿಸಿ ಬಾಲ ಅಲ್ಲಾಡಿಸ್ಕೊಂಡು ಓಡಿಬರತ್ತೆ, ಉಳಿದರ್ಧ ಮನೆ ಒಳಗೆ. ಪೂರ್ತಿ ಮುಗಿಯೋತನಕ ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ. ಮುಗಿದ ತಕ್ಷಣ ಅಲ್ಲೇ, ಅದೇ ಜಾಗದಲ್ಲೇ ಟ್ರೀಟ್ ಕೊಡಿ, ಮನೆಗೆ ಬಂದು ಡಬ್ಬಿ ತೆಗೆದು ಕೊಟ್ರೆ ಒಳಗೆ ಬಂದಿದ್ದಕ್ಕೆ ಸಿಕ್ತು ಅಂದ್ಕೊಳ್ಳತ್ತೆ. ಆಮೇಲೆ ತಕ್ಷಣ ವಾಪಸ್ ಎಳ್ಕೊಂಡು ಬರ್ಬೇಡಿ, ಸೂಸು ಆದ್ರೆ ಆಟ ಮುಗೀತು ಅಂತ ಗೊತ್ತಾದ್ರೆ ತಡ್ಕೊಂಡೇ ಕೂರತ್ತೆ.

ಈಗ ಕ್ರೇಟ್ ವಿಷ್ಯ, ಅಂದ್ರೆ ಮರಿ ಮಲಗೋಕೆ ಅಂತ ಇಡೋ, ಬಾಗಿಲಿರೋ ಸರಳಿನ ಗೂಡು. ಕ್ರೇಟ್ ಅಂದ್ರೆ ಜೈಲು ಅಂತ ಮೂಗು ಮುರಿಯೋರೂ ಇದಾರೆ, ಬೆಳಗ್ಗೆ ಮರೀನ ಒಳಗೆ ತಳ್ಳಿ ಸಂಜೆ ಆಫೀಸಿಂದ ಬಂದು ಬಾಗಿಲು ತೆಗೆಯೋರೂ ಇದಾರೆ, ನನಗೆ ಇಬ್ರ ಮಾತೂ ಹಿಡಿಸಲ್ಲ. ನಾಯಿ ತಾನು ಮಲಗೋ ಜಾಗ ಗಲೀಜು ಮಾಡ್ಕೊಳ್ಳೋಕೆ ಹಿಂಜರಿಯತ್ತೆ, ಕ್ರೇಟ್ ಕೆಲಸ ಮಾಡೋದೇ ಇದ್ರ ಮೇಲೆ. ಅದಕ್ಕೇ ಸೈಜ್ ಮುಖ್ಯ: ಎದ್ದು ನಿಲ್ಲೋಕೆ, ಸುತ್ತು ತಿರುಗೋಕೆ, ಕಾಲು ಚಾಚಿ ಮಲಗೋಕೆ ಆದ್ರೆ ಸಾಕು. ದೊಡ್ಡದಾಗತ್ತಲ್ಲ ಅಂತ ಈಗ್ಲೇ ದೊಡ್ಡ ಕ್ರೇಟ್ ತಂದ್ರೆ ಒಂದು ಮೂಲೆ ಬೆಡ್‌ರೂಮು ಇನ್ನೊಂದು ಮೂಲೆ ಟಾಯ್ಲೆಟ್ಟು ಆಗತ್ತೆ, ಡಿವೈಡರ್, ಅಂದ್ರೆ ಒಳಗೆ ಜಾಗ ಚಿಕ್ಕದು ಮಾಡೋ ಅಡ್ಡತಟ್ಟೆ ಇರೋದು ತಗೊಂಡ್ರೆ ಬೆಳೆದಂಗೆ ಸರಿಸ್ತಾ ಹೋಗ್ಬಹುದು. ತಡ್ಕೊಳ್ಳೋ ಮಿತಿ ದಾಟಿ ಕೂಡಿಹಾಕಿದ್ರೆ ಮಾತ್ರ ಪಾಪ ಬೇರೆ ದಾರಿ ಇಲ್ದೆ ಅಲ್ಲೇ ಮಾಡತ್ತೆ, ಒಂದ್ಸಲ ಅಭ್ಯಾಸ ಆಯ್ತೋ ಆ ಹಿಂಜರಿಕೆನೇ ಹೋಗಿಬಿಡತ್ತೆ, ಆಮೇಲೆ ಬಿಡಿಸೋದು ತುಂಬಾ ಕಷ್ಟ. ಹುಟ್ಟಿದಾಗಿಂದ ಪಂಜರದಲ್ಲೇ ಗಲೀಜಲ್ಲಿ ಬೆಳೆದ ಮರಿಗಳಿಗೆ ಕ್ರೇಟ್ ಟ್ರೇನಿಂಗ್ ಅಷ್ಟು ಸುಲಭಕ್ಕೆ ಹತ್ತದೇ ಇರೋದೂ ಇದಕ್ಕೇ.

ಮೊದ್ಲು ಬಾಗಿಲು ತೆಗೆದೇ ಇಟ್ಟು ಒಳಗೆ ಊಟ ಹಾಕಿ, ತಿನ್ನೋ ಹೊತ್ತಿಗಷ್ಟೇ ಮುಚ್ಚಿ ತೆಗೀರಿ, ಹಾಗೇ ನಿಧಾನಕ್ಕೆ ಹೊತ್ತು ಜಾಸ್ತಿ ಮಾಡಿ. ಒಳಗೆ ಬಿಡೋವಾಗ ಕಾಲರ್ ತೆಗೀಲೇಬೇಕು, ಸರಳಿಗೆ ಸಿಕ್ಕಿ ಕುತ್ತಿಗೆ ಬಿಗಿಯೋ ಅಪಾಯ ಇದೆ. ರಾತ್ರಿ ನಿಮ್ಮ ಮಂಚದ ಪಕ್ಕದಲ್ಲೇ ಇಟ್ಕೊಳ್ಳಿ, ಮಧ್ಯರಾತ್ರಿ ಕುಂಯ್ ಅಂದ್ರೆ ಕೇಳಿಸ್ಬೇಕು, ಲೈಟೂ ಹಾಕ್ದೆ ಮಾತೂ ಆಡ್ದೆ ಹೊರಗೆ ಹೋಗಿ ಬಂದು ಮಲಗಿಸಿ. ತಪ್ಪು ಮಾಡಿದ್ಯಾ ನಡಿ ಒಳಗೆ ಅಂತ ಕ್ರೇಟ್‌ಗೆ ಹಾಕೋದಂತೂ ಬೇಡ್ವೇ ಬೇಡ. ಬಾಗಿಲು ಮುಚ್ಚಿದ್ರೆ ಜೊಲ್ಲು ಸುರಿಸಿ, ಸರಳು ಕಚ್ಚಿ ಒಸಡು ರಕ್ತ ಮಾಡ್ಕೊಳ್ಳೋ ನಾಯಿಗಳೂ ಇರ್ತವೆ, ಅದು ಹಟ ಅಲ್ಲ ಭಯ, ಅಂಥವಕ್ಕೆ ಅಡ್ಡಕಟ್ಟಿದ ಒಂದು ಮೂಲೆನೋ ಸಣ್ಣ ರೂಮೋ ವಾಸಿ.

ಒಳಗೆ ಮಾಡಿದ್ರೆ? ಒರೆಸಿ, ಅಷ್ಟೇ. ಮಾಡಿದ ಜಾಗಕ್ಕೆ ಅದರ ಮೂಗು ಉಜ್ಜೋದು, ಪೇಪರ್ ಸುತ್ತಿ ಹೊಡೆಯೋದು ಇದ್ರಿಂದ ಅದು ಕಲಿಯೋದು ಇವ್ರ ಕಣ್ಣೆದುರು ಸೂಸು ಮಾಡ್ಬಾರ್ದು ಅನ್ನೋದೊಂದೇ, ಆಮೇಲೆ ಹೊರಗೆ ಲೀಶ್ ಹಿಡ್ಕೊಂಡು ನಿಂತಾಗ್ಲೂ ಮಾಡಲ್ಲ. ಅಮೋನಿಯಾ ಇರೋ ಕ್ಲೀನರ್ ಬೇಡ, ಅದಕ್ಕೆ ಮೂತ್ರದ್ದೇ ವಾಸನೆ, ಮರಿ ಮತ್ತೆ ಅಲ್ಲೇ ಹೋಗತ್ತೆ, ಆ ವಾಸನೇನ ಒಡೆದು ತೆಗೆಯೋ ಎನ್‌ಜೈಮ್ ಇರೋ ಕ್ಲೀನರ್ ಹಾಕಿ.

ಇಷ್ಟೆಲ್ಲಾ ಸರಿಹೋದ ಮರಿ ಇದ್ದಕ್ಕಿದ್ದಂಗೆ ಪದೇ ಪದೇ ಚೂರು ಚೂರು ಮಾಡೋಕೆ ಶುರು ಮಾಡಿದ್ರೆ ಟ್ರೇನಿಂಗ್ ಮರ್ತೋಯ್ತು ಅಂದ್ಕೋಬೇಡಿ, ಮೂತ್ರದ ಸೋಂಕೂ ಇರ್ಬಹುದು, ಮೊದ್ಲು ಡಾಕ್ಟ್ರಿಗೆ ತೋರ್ಸಿ.