ಮಾಟುಂಗಾದ ಭಾಷಣ ಸ್ಪರ್ಧೆ: ಸಿದ್ಧತೆಯಿಂದ ತೀರ್ಪಿನವರೆಗೆ

ಆಗಸ್ಟ್, ಮೊದಲ ವಾರ

ನವೆಂಬರಿನ ರಾಜ್ಯೋತ್ಸವದ ಅಂಗವಾಗಿ ಮುಂಬಯಿಯ ಮಾಟುಂಗಾದಲ್ಲಿ ಕನ್ನಡ ಭಾಷಣ ಸ್ಪರ್ಧೆಯೊಂದನ್ನು ನಡೆಸುವ ಹೊಣೆಯನ್ನು ನಮ್ಮ ಗೆಳೆಯರ ಬಳಗ ವಹಿಸಿಕೊಂಡಿದೆ. ಸ್ಪರ್ಧೆಯ ರೂಪರೇಷೆ, ಅಂಕಪಟ್ಟಿ ಮತ್ತು ತೀರ್ಪುಗಾರರ ತಯಾರಿ ನನ್ನ ಪಾಲಿಗೆ ಬಂದಿರುವುದರಿಂದ, ಕೆಲಸ ಸಾಗಿದಂತೆಲ್ಲ ಅದರ ವಿವರವನ್ನು ಬರೆದಿಡುತ್ತ ಹೋಗುತ್ತೇನೆ. ಮುಂದೆ ಇಂಥ ಸ್ಪರ್ಧೆ ನಡೆಸುವವರಿಗೆ ಇದು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ಮುಂಬಯಿ ಕನ್ನಡಿಗರಿಗೆ ಮಾತಿನ ವೇದಿಕೆ ಹೊಸದೇನೂ ಅಲ್ಲ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಇದೇ ಮಾಟುಂಗಾದಲ್ಲಿದೆ. 1933ರಲ್ಲಿ ಆರಂಭವಾದ ಕರ್ನಾಟಕ ಸಂಘ ಪಕ್ಕದ ಮಾಹಿಮಿನಲ್ಲಿದೆ. ಕರಾವಳಿಯಿಂದ ಬಂದವರು ತಮ್ಮೊಂದಿಗೆ ತಾಳಮದ್ದಳೆಯನ್ನೂ ತಂದರು. ಬರೆದಿಟ್ಟ ಸಂಭಾಷಣೆಯಿಲ್ಲದೆ, ಭಾಗವತರ ಪದ್ಯವೊಂದನ್ನೇ ಹಿಡಿದು ಎದುರಾಳಿಯ ಮಾತಿಗೆ ಆ ಕ್ಷಣದಲ್ಲಿಯೇ ಉತ್ತರ ಕಟ್ಟುವ ಅರ್ಥಧಾರಿಗಳನ್ನು ರಾತ್ರಿಯಿಡೀ ಕೇಳಿ ಬೆಳೆದ ಹಿರಿಯರು ನಮ್ಮ ಸಭೆಗಳಲ್ಲಿ ಇಂದಿಗೂ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಕೇಳಬಲ್ಲ ಸಭೆ ನಮ್ಮಲ್ಲಿದೆ ಎಂಬ ಧೈರ್ಯದಿಂದಲೇ ಈ ಕೆಲಸಕ್ಕೆ ಇಳಿದಿದ್ದೇವೆ.

ನನ್ನ ಕಡೆಯಿಂದ ಒಂದು ಷರತ್ತನ್ನು ಮೊದಲ ಸಭೆಯಲ್ಲಿಯೇ ಮುಂದಿಟ್ಟೆ. ಸ್ಪರ್ಧೆ ಮುಗಿದ ಮೇಲೆ ಮೂರು ಹೆಸರು ಓದಿ, ಉಳಿದವರ ಕೈಗೆ ಭಾಗವಹಿಸಿದ್ದಕ್ಕೊಂದು ಪ್ರಶಸ್ತಿಪತ್ರ ಕೊಟ್ಟು ಕಳುಹಿಸುವುದು ರೂಢಿ. ತನ್ನ ಮಾತು ಎಲ್ಲಿ ಮುಟ್ಟಿತು, ಎಲ್ಲಿ ಜಾರಿತು ಎಂಬುದು ಆ ಸ್ಪರ್ಧಿಗೆ ತಿಳಿಯುವುದೇ ಇಲ್ಲ. ವಾರಗಟ್ಟಲೆ ಸಿದ್ಧತೆ ಮಾಡಿ ಬಂದವರಿಗೆ ತೀರ್ಪುಗಾರರು ಉತ್ತರ ಕೊಡಬೇಕಾದವರು. ಆದ್ದರಿಂದ ಪ್ರತಿಯೊಬ್ಬ ಸ್ಪರ್ಧಿಗೂ ಬರಹದಲ್ಲಿ ಅಭಿಪ್ರಾಯ ತಲುಪಬೇಕು. ಬಳಗ ಒಪ್ಪಿತು. ಮುಂದಿನ ಎಲ್ಲ ನಿರ್ಧಾರಗಳೂ ಈ ಒಂದು ಷರತ್ತಿನಿಂದಲೇ ಹುಟ್ಟುತ್ತಿವೆ.

ಆಗಸ್ಟ್, ಕೊನೆಯ ವಾರ

ಅಂಕಪಟ್ಟಿಯ ಮೊದಲ ಕರಡು ಸಿದ್ಧವಾಗಿದೆ. ಮಾದರಿಗಾಗಿ, ಸಭೆಯಲ್ಲಿ ಮಾತನಾಡುವ ಅಭ್ಯಾಸ ಮಾಡಿಸುವ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆಯ ಪದ್ಧತಿಯನ್ನು ನೋಡಿದೆ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ ಈ ಸಂಸ್ಥೆಯ ಕ್ಲಬ್ಬುಗಳು ಮುಂಬಯಿಯಲ್ಲಿಯೂ ನಡೆಯುತ್ತಿವೆ. ಅವರ ಭಾಷಣ ಸ್ಪರ್ಧೆಯಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪಟ್ಟಿಯಲ್ಲಿ ವಿಷಯಕ್ಕೆ 50, ಮಂಡನೆಗೆ 30, ಭಾಷೆಗೆ 20 ಅಂಕಗಳಿವೆ. ವಿಷಯಕ್ಕೆ ಅರ್ಧದಷ್ಟು ತೂಕ ಕೊಟ್ಟಿರುವುದು ನನಗೆ ಸರಿಯೆನಿಸಿತು, ಏಕೆಂದರೆ ನಮ್ಮ ಸ್ಪರ್ಧೆಗಳಲ್ಲಿ ಏರುದನಿ ಮತ್ತು ಕಂಠಪಾಠ ಮಾಡಿದ ಉಲ್ಲೇಖಗಳು ವಿಚಾರದ ಬಡತನವನ್ನು ಮುಚ್ಚಿಬಿಡುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ.

ತೊಡಕು ಬಂದದ್ದು ಭಾಷೆಯ ಅಂಕಗಳಲ್ಲಿ. ನಮ್ಮ ಸ್ಪರ್ಧಿಗಳಲ್ಲಿ ಮನೆಯಲ್ಲಿ ತುಳು ಅಥವಾ ಕೊಂಕಣಿ ಆಡುವವರಿದ್ದಾರೆ, ಕುಂದಾಪುರದ ಕನ್ನಡದವರಿದ್ದಾರೆ, ವಿಜಯಪುರ, ಕಲಬುರಗಿಗಳಿಂದಲೂ ಗಡಿಯಾಚೆಯ ಸೊಲ್ಲಾಪುರ, ಅಕ್ಕಲಕೋಟೆಗಳಿಂದಲೂ ಬಂದು ನೆಲೆಸಿದ ಕುಟುಂಬಗಳವರಿದ್ದಾರೆ. ‘ಶುದ್ಧ ಕನ್ನಡ’ ಎಂದು ಪಟ್ಟಿಯಲ್ಲಿ ಬರೆದರೆ, ಇವರಲ್ಲಿ ಹೆಚ್ಚಿನವರು ಬಾಯಿ ತೆರೆಯುವ ಮೊದಲೇ ಅಂಕ ಕಳೆದುಕೊಳ್ಳುತ್ತಾರೆ. ಕರಡನ್ನು ಓದಿದ ಧಾರವಾಡ ಕಡೆಯ ನಿವೃತ್ತ ಅಧ್ಯಾಪಕರೊಬ್ಬರು, ಅವರೂ ನಮ್ಮ ತೀರ್ಪುಗಾರರೇ, ಫೋನಿನಲ್ಲಿ ಕೇಳಿದರು: “ನೋಡ್ರಿ, ನಾ ದಿನಾ ಮಾತಾಡೂ ಹಂಗ ಮಾತಾಡಿದ್ರ ನಂಗೂ ಅಂಕ ಕಡಿಮಿ ಕೊಡ್ತೀರೇನ್ರಿ?” ಆ ಪ್ರಶ್ನೆಯ ನಂತರ ಭಾಷೆಯ ಅಂಕವನ್ನು 15ಕ್ಕೆ ಇಳಿಸಿ, ಅದರ ವಿವರಣೆಯನ್ನು ಹೀಗೆ ತಿದ್ದಿದ್ದೇವೆ: ಸ್ಪರ್ಧಿ ಆರಿಸಿಕೊಂಡ ಕನ್ನಡ ಯಾವುದೇ ಪ್ರದೇಶದ್ದಾಗಿರಲಿ, ಅದು ವಿಷಯಕ್ಕೆ ಹೊಂದಿದೆಯೇ, ಸ್ಪಷ್ಟವಾಗಿದೆಯೇ, ಅದರಲ್ಲಿ ಜೀವಂತಿಕೆಯಿದೆಯೇ ಎಂಬುದನ್ನು ಮಾತ್ರ ನೋಡತಕ್ಕದ್ದು. ಉಳಿದ ಅಂಕಗಳಲ್ಲಿ ವಿಚಾರಕ್ಕೆ 40, ಕಟ್ಟೋಣಕ್ಕೆ 20, ಮಂಡನೆಗೆ 25 ಎಂದಾಯಿತು.

ಉಚ್ಚಾರಣೆಯ ಬಗ್ಗೆ ಇನ್ನೊಂದು ಮಾತನ್ನು ಸೇರಿಸಲೇಬೇಕು. ಮರಾಠಿ, ಹಿಂದಿ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಅನೇಕ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಲಿಪಿ ಬರುವುದಿಲ್ಲ. ಅವರು ಭಾಷಣವನ್ನು ದೇವನಾಗರಿಯಲ್ಲಿ ಬರೆದುಕೊಂಡು ಅಭ್ಯಾಸ ಮಾಡುತ್ತಾರೆ. ಮರಾಠಿ, ಹಿಂದಿಗಳ ರೂಢಿಯ ಬರವಣಿಗೆಯಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಬೇರೆ ಬೇರೆ ಚಿಹ್ನೆಗಳಿಲ್ಲ. ಹುಡುಗನೊಬ್ಬ ತನ್ನ ಹಾಳೆಯನ್ನು ನನಗೆ ತೋರಿಸಿದ. ಊರಿನ ಕೆರೆಯ ಬಗ್ಗೆ ಸೊಗಸಾಗಿ ಬರೆದಿದ್ದ. ಓದುವಾಗ ಮಾತ್ರ ಪ್ರತಿಸಲವೂ ‘ಕೇರೆ’ ಎಂದು ಎಳೆಯುತ್ತಿದ್ದ. ಅದೇ ಹುಡುಗ ಹಾಳೆಯನ್ನು ಮಡಚಿಟ್ಟು ಅಜ್ಜಿಯ ಊರಿನ ಕೆರೆ ಹೇಗಿದೆಯೆಂದು ಹೇಳತೊಡಗಿದಾಗ ಎಕಾರ ತಾನಾಗಿ ಸರಿಹೋಯಿತು. ತಪ್ಪಿನ ಮೂಲ ನಾಲಗೆಯಲ್ಲಿರದೆ ಹಾಳೆಯಲ್ಲಿದ್ದರೆ ತೀರ್ಪುಗಾರರಿಗೆ ಅದು ಗೊತ್ತಿರಬೇಕು. ಆದ್ದರಿಂದ ಮಕ್ಕಳ ವಿಭಾಗದಲ್ಲಿ ಹಾಳೆ ನೋಡಿ ಓದುವುದನ್ನು ಬಿಡಿಸಿ, ಅಂಗೈಯಗಲದ ಒಂದು ಚೀಟಿಯಲ್ಲಿ ಮುಖ್ಯಾಂಶಗಳನ್ನಷ್ಟೇ ಬರೆದುಕೊಳ್ಳಲು ಅವಕಾಶ ಕೊಟ್ಟಿದ್ದೇವೆ.

ಸೆಪ್ಟೆಂಬರ್

ಗಣೇಶೋತ್ಸವದ ದಿನಗಳಲ್ಲಿ ಯಾರೂ ಕೈಗೆ ಸಿಗುವುದಿಲ್ಲ. ಆ ಬಿಡುವಿನಲ್ಲಿ ಅಂಕಗಳನ್ನು ಒಟ್ಟುಗೂಡಿಸುವ ರೀತಿಯನ್ನು ಯೋಚಿಸಿದೆ.

ಮೂವರು ತೀರ್ಪುಗಾರರ ಅಂಕಗಳನ್ನು ಕೂಡಿಸಿ ಹೆಚ್ಚು ಬಂದವರಿಗೆ ಬಹುಮಾನ ಕೊಡುವುದು ಎಲ್ಲೆಡೆಯ ವಾಡಿಕೆ. ಇದರಲ್ಲೊಂದು ದೋಷವಿದೆ. ಇಬ್ಬರು ತೀರ್ಪುಗಾರರು ಸ್ಪರ್ಧಿಗಳ ಅಂಕಗಳ ನಡುವೆ ಕಡಿಮೆ ಅಂತರ ಇಡುವವರೆಂದೂ ಮೂರನೆಯವರು ಹೆಚ್ಚು ಅಂತರ ಇಡುವವರೆಂದೂ ಇಟ್ಟುಕೊಳ್ಳಿ. ಮೊದಲ ಸ್ಪರ್ಧಿಗೆ ಅವರು ಕ್ರಮವಾಗಿ 71, 68, 60 ಕೊಟ್ಟರು. ಎರಡನೆಯ ಸ್ಪರ್ಧಿಗೆ 70, 67, 85 ಕೊಟ್ಟರು. ಮೂವರಲ್ಲಿ ಇಬ್ಬರ ಮನಸ್ಸಿನಲ್ಲಿ ಮೊದಲ ಸ್ಪರ್ಧಿಯೇ ಮೇಲು; ಆದರೂ ಮೊತ್ತದಲ್ಲಿ 199ರ ಎದುರು 222 ಪಡೆದು ಎರಡನೆಯವರು ಗೆಲ್ಲುತ್ತಾರೆ. ಅಂಕಗಳನ್ನು ಹೆಚ್ಚು ಹರಡಿ ಕೊಡುವ ತೀರ್ಪುಗಾರರು ಒಬ್ಬರೇ ಇಡೀ ಸ್ಪರ್ಧೆಯನ್ನು ನಿರ್ಧರಿಸಿದಂತಾಗುತ್ತದೆ.

ಟೋಸ್ಟ್‌ಮಾಸ್ಟರ್ಸ್ ಪದ್ಧತಿಯಲ್ಲಿ ಪ್ರತಿ ತೀರ್ಪುಗಾರರ ಅಂಕಗಳು ಅವರವರಲ್ಲಿಯೇ ಉಳಿಯುತ್ತವೆ. ಅವುಗಳ ಆಧಾರದ ಮೇಲೆ ಮೊದಲ ಮೂವರ ಹೆಸರನ್ನು ಮಾತ್ರ ಕ್ರಮವಾಗಿ ಬರೆದು ಕೊಡುತ್ತಾರೆ, ಮೊದಲನೆಯವರಿಗೆ 3, ಎರಡನೆಯವರಿಗೆ 2, ಮೂರನೆಯವರಿಗೆ 1 ಎಂದು ಎಣಿಕೆಯಾಗುತ್ತದೆ. ಸಮ ಬಂದರೆ ಬಿಡಿಸಲು ಇನ್ನೊಬ್ಬ ತೀರ್ಪುಗಾರರ ಮುಚ್ಚಿದ ಚೀಟಿ ಇರುತ್ತದೆ. ಇದನ್ನೇ ನಾವೂ ಸ್ವೀಕರಿಸಿದ್ದೇವೆ. ತೀರ್ಪುಗಾರರು ಪರಸ್ಪರ ಚರ್ಚಿಸದೆ ಬರೆಯಬೇಕೆಂಬ ನಿಯಮವನ್ನೂ ಸೇರಿಸಿದ್ದೇವೆ, ಏಕೆಂದರೆ ನಮ್ಮಲ್ಲಿ ಹಿರಿಯರೊಬ್ಬರು ‘ನನಗೇನೋ ಇವರೇ ಸರಿ ಅನಿಸ್ತದೆ’ ಎಂದರೆ ಕಿರಿಯ ತೀರ್ಪುಗಾರರು ಗೌರವದಿಂದ ತಲೆಯಾಡಿಸುವುದೇ ಹೆಚ್ಚು.

ಹೆಸರಿನ ವಿಷಯದಲ್ಲಿಯೂ ಎಚ್ಚರ ವಹಿಸಿದ್ದೇವೆ. ಶೆಟ್ಟಿ, ಪೂಜಾರಿ, ಕುಲಕರ್ಣಿ, ಪಾಟೀಲ ಎಂದೊಡನೆ ಊರು, ಜಾತಿ, ಕೆಲವೊಮ್ಮೆ ಮನೆತನವೂ ಕೇಳಿದವರಿಗೆ ತಿಳಿದುಬಿಡುವ ಸಮುದಾಯ ನಮ್ಮದು. ಸ್ಪರ್ಧಿಗಳನ್ನು ಸಂಖ್ಯೆಯಿಂದಲೇ ಕರೆಯುವುದು, ಮಕ್ಕಳು ಶಾಲೆಯ ಸಮವಸ್ತ್ರದಲ್ಲಿ ಬರದಿರುವುದು, ಭಾಷಣದಲ್ಲಿ ತಮ್ಮ ಹೆಸರು ಹೇಳದಿರುವುದು ಎಂದು ತೀರ್ಮಾನಿಸಿದೆವು. ಯಾವುದೇ ಸ್ಪರ್ಧಿಯ ನೆಂಟರೋ ಗುರುಗಳೋ ಆ ವಿಭಾಗದಲ್ಲಿ ತೀರ್ಪುಗಾರರಾಗುವಂತಿಲ್ಲ.

ಅಕ್ಟೋಬರ್

ತೀರ್ಪುಗಾರರ ಅಭ್ಯಾಸ ಸಭೆ ನಡೆಯಿತು. ಬಳಗದವರೇ ಆಡಿದ ಭಾಷಣಗಳ ಧ್ವನಿಮುದ್ರಿಕೆಗಳನ್ನು ಕೇಳಿಸಿ, ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಅಂಕ ಬರೆದ ಮೇಲೆ ಪಟ್ಟಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದೆವು. ಒಂದೇ ಭಾಷಣಕ್ಕೆ ಒಬ್ಬರು 58, ಇನ್ನೊಬ್ಬರು 83 ಕೊಟ್ಟಿದ್ದರು. ಕಾರಣ ಕೇಳಿದಾಗ ತಿಳಿದದ್ದು: ಮೊದಲನೆಯವರು ಭಾಷಣಕಾರರು ವಿಷಯದಿಂದ ಆಚೆ ಹೋದರೆಂದು ಕಟ್ಟೋಣದಲ್ಲಿಯೂ ವಿಚಾರದಲ್ಲಿಯೂ ಕಳೆದಿದ್ದರು, ಎರಡನೆಯವರು ಅದೇ ಭಾಗವನ್ನು ಉಪಕಥೆಯೆಂದು ಮೆಚ್ಚಿದ್ದರು. ಒಂದು ಗುಣಕ್ಕೋ ದೋಷಕ್ಕೋ ಒಂದೇ ಕಡೆ ಅಂಕ ಎಂದು ಒಪ್ಪಂದವಾಯಿತು. ರುಚಿಭೇದ ಉಳಿಯಿತು, ಉಳಿಯಬೇಕಾದದ್ದೇ. ಮೂವರನ್ನು ಕೂರಿಸುವುದು ಅದಕ್ಕಾಗಿಯೇ.

ಅಭಿಪ್ರಾಯ ಬರೆಯುವ ಅಭ್ಯಾಸಕ್ಕೆ ಹೆಚ್ಚಿನ ಸಮಯ ಹಿಡಿಯಿತು. ‘ಚೆನ್ನಾಗಿತ್ತು’, ‘ಇನ್ನೂ ಅಭ್ಯಾಸ ಬೇಕು’ ಎಂಬ ಮಾತುಗಳನ್ನು ಬಳಸಬಾರದೆಂದು ಕೋರಿದೆ. ಸ್ಪರ್ಧಿ ಆಡಿದ ಒಂದು ವಾಕ್ಯವನ್ನಾದರೂ ಹಿಡಿದು ಬರೆದರೆ, ತನ್ನ ಮಾತನ್ನು ಯಾರೋ ನಿಜವಾಗಿ ಕೇಳಿದ್ದಾರೆಂಬುದು ಅವರಿಗೆ ಮನವರಿಕೆಯಾಗುತ್ತದೆ. ಒಬ್ಬ ತೀರ್ಪುಗಾರ್ತಿ ಬರೆದದ್ದು ಎಲ್ಲರಿಗೂ ಮಾದರಿಯಾಯಿತು: ‘ಅಜ್ಜ ರಾತ್ರಿಶಾಲೆಗೆ ಹೋಗುತ್ತಿದ್ದ ಪ್ರಸಂಗ ಬಂದಾಗ ನಾನು ಲೇಖನಿ ಕೆಳಗಿಟ್ಟು ಕೇಳಿದೆ. ಅದು ಮೂರನೆಯ ನಿಮಿಷದಲ್ಲಿ ಬಂತು, ಅಲ್ಲಿಂದಲೇ ಆರಂಭಿಸಬಹುದಿತ್ತು.’ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಒಂದು ಇಡೀ ಪೀಳಿಗೆ ಈ ನಗರದಲ್ಲಿ ಬಾಳಿದೆ. ಅವರ ಮೊಮ್ಮಕ್ಕಳು ಆ ಕಥೆಯನ್ನು ಭಾಷಣದ ನಡುವೆ ಹುದುಗಿಸಿಟ್ಟು, ‘ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ’ ಎಂದು ಶುರುಮಾಡಿ, ಮೊದಲ ನಿಮಿಷವನ್ನು ಸಂಬೋಧನೆಯಲ್ಲಿಯೇ ಕಳೆಯುತ್ತಾರೆ. ‘ಸಭೆಗೆ ನಮಸ್ಕಾರ’ ಎಂಬಷ್ಟೇ ಸಾಕು, ಮೊದಲ ಶಬ್ದದಿಂದಲೇ ಗಡಿಯಾರ ಓಡುತ್ತದೆ ಎಂದು ಎಲ್ಲರಿಗೂ ಸೂಚನೆ ಕಳುಹಿಸಿದ್ದೇವೆ.

ಆಶುಭಾಷಣದಲ್ಲಿ ಚೀಟಿ ಎತ್ತಿಸುವ ಪದ್ಧತಿಯನ್ನು ಕೈಬಿಟ್ಟಿದ್ದೇವೆ. ಒಬ್ಬರಿಗೆ ‘ಮುಂಬಯಿಯ ಮಳೆ’ಯೂ ಇನ್ನೊಬ್ಬರಿಗೆ ‘ಜಾಗತೀಕರಣ’ವೂ ಬಂದರೆ ಅಲ್ಲಿ ಪರೀಕ್ಷೆಗೊಳಗಾಗುವುದು ಅದೃಷ್ಟ. ಎಲ್ಲರಿಗೂ ಒಂದೇ ವಿಷಯ ಕೊಟ್ಟು, ಸರದಿ ಬರುವವರೆಗೆ ಉಳಿದವರನ್ನು ಹೊರಗಿನ ಕೋಣೆಯಲ್ಲಿ ಕೂರಿಸುತ್ತೇವೆ. ಮೊಬೈಲುಗಳು ಸ್ವಯಂಸೇವಕರ ವಶದಲ್ಲಿರುತ್ತವೆ.

ನವೆಂಬರ್, ಸ್ಪರ್ಧೆಯ ಭಾನುವಾರ

ಭಾನುವಾರದ ಮೆಗಾಬ್ಲಾಕ್, ಅಂದರೆ ಹಳಿಗಳ ದುರಸ್ತಿಗಾಗಿ ಕೆಲವು ಗಂಟೆ ರೈಲು ಸಂಚಾರವನ್ನು ಕಡಿತಗೊಳಿಸುವುದು, ಮಧ್ಯ ರೈಲ್ವೆಯ ಪ್ರಯಾಣಿಕರಿಗೆ ಗೊತ್ತಿರುವುದೇ. ಡೊಂಬಿವಲಿ, ಕಲ್ಯಾಣದ ಸ್ಪರ್ಧಿಗಳನ್ನು ಅದಕ್ಕೂ ಮೊದಲೇ ಬರಹೇಳಿದ್ದರಿಂದ ನೋಂದಣಿ ಬೆಳಿಗ್ಗೆ ಸುಸೂತ್ರವಾಗಿ ಮುಗಿಯಿತು. ಭಾಷಣದ ಸರದಿಯನ್ನು ನೋಂದಣಿ ಮುಗಿದ ಮೇಲೆ ಎಲ್ಲರೆದುರು ಚೀಟಿ ಎತ್ತಿ ನಿರ್ಧರಿಸಿದೆವು.

ಮೊದಲು ಮಾತನಾಡುವವರಿಗೆ ಒಂದು ತೊಂದರೆಯಿದೆ: ಮುಂದೆ ಇನ್ನೂ ಒಳ್ಳೆಯವರು ಬರಬಹುದೆಂದು ತೀರ್ಪುಗಾರರು ಅಂಕವನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಬೆಲ್ಜಿಯಂನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯ ಫಲಿತಾಂಶಗಳನ್ನು ಅರ್ಥಶಾಸ್ತ್ರಜ್ಞರು ಪರಿಶೀಲಿಸಿದಾಗಲೂ ಸರದಿಗೂ ಸ್ಥಾನಕ್ಕೂ ನಂಟಿರುವುದು ಕಂಡುಬಂದಿತ್ತು. ಪರಿಹಾರವಾಗಿ, ಸ್ಪರ್ಧೆಯಲ್ಲಿಲ್ಲದ ಬಳಗದ ಸದಸ್ಯೆಯೊಬ್ಬರು ಮೊದಲಿಗೆ ಮಾದರಿ ಭಾಷಣ ಮಾಡಿದರು. ತೀರ್ಪುಗಾರರು ಅದಕ್ಕೂ ಅಂಕ ಬರೆದು, ಆ ಹಾಳೆಯನ್ನು ಬದಿಗಿಟ್ಟರು. ಕೈ ಹದಕ್ಕೆ ಬಂದ ಮೇಲೆ ಮೊದಲ ಸ್ಪರ್ಧಿಯನ್ನು ಕರೆದೆವು.

ಗಂಟೆ ಬಾರಿಸುವ ಬದಲು ಬಣ್ಣದ ಹಲಗೆಗಳನ್ನು ಬಳಸಿದೆವು. ಹಿರಿಯರ ವಿಭಾಗದ 5 ನಿಮಿಷಗಳಲ್ಲಿ 4ಕ್ಕೆ ಹಸಿರು, ನಾಲ್ಕೂವರೆಗೆ ಹಳದಿ, 5ಕ್ಕೆ ಕೆಂಪು. ಅದರ ಮೇಲೆ 30 ಸೆಕೆಂಡು ರಿಯಾಯಿತಿ. ಗಂಟೆ ವಾಕ್ಯದ ನಡುವೆ ಬಡಿದು ಮಾತುಗಾರರನ್ನೂ ಸಭೆಯನ್ನೂ ಒಟ್ಟಿಗೆ ಕದಲಿಸುತ್ತದೆ. ಹಲಗೆಯನ್ನು ಕಾಣುವವರು ಮಾತುಗಾರರು ಮಾತ್ರ.

ಆಶುಭಾಷಣದ ವಿಷಯ ‘ನಾನು ಕಿವಿಗೊಟ್ಟು ಕೇಳಿದ ಒಂದು ಮಾತು’. ಕ್ಯಾಂಟೀನೊಂದರಲ್ಲಿ ಗಲ್ಲೆಯ ಮೇಲೆ ಕೂರುವ ಯುವಕರೊಬ್ಬರು ವೇದಿಕೆಗೆ ಬಂದು, ಮೈಕಿನ ಕಂಬವನ್ನು ಹಿಡಿದು, ಕೆಲವು ಕ್ಷಣ ಸುಮ್ಮನೆ ನಿಂತರು. ಸಭಾಕಂಪವೇನೋ ಎಂದುಕೊಳ್ಳುವಷ್ಟರಲ್ಲಿ ಕುಂದಾಪುರದ ಕನ್ನಡದಲ್ಲಿ ಮಾತು ಹರಿಯಿತು. ದಿನವೂ ಇಡ್ಲಿ, ಚಹಾ ತೆಗೆದುಕೊಳ್ಳುವ ವೃದ್ಧರೊಬ್ಬರು ತಿಂಗಳ ಕೊನೆಯ ದಿನಗಳಲ್ಲಿ ಮಾತ್ರ ‘ಇವತ್ತು ಬರೀ ಚಾ ಸಾಕು’ ಎನ್ನುತ್ತಿದ್ದರಂತೆ. ಹಸಿವಿಲ್ಲವೆಂದು ಇವರು ತಿಳಿದಿದ್ದರು. ಪಿಂಚಣಿ ಬರುವ ದಿನಕ್ಕೂ ಆ ಮಾತಿಗೂ ಇರುವ ಸಂಬಂಧ ಹೊಳೆಯಲು ತಿಂಗಳುಗಳೇ ಬೇಕಾದವಂತೆ. ಇಬ್ಬರು ತೀರ್ಪುಗಾರರು ಅವರಿಗೆ ಮೊದಲ ಸ್ಥಾನ ಕೊಟ್ಟರು. ಎರಡನೆಯ ಸ್ಥಾನ ಕೊಟ್ಟ ಮೂರನೆಯವರು, ಅದೇ ಧಾರವಾಡದ ಅಧ್ಯಾಪಕರು, ಬರೆದದ್ದು: ‘ಪಿಂಚಣಿಯ ಮಾತಿಗೇ ನಿಲ್ಲಿಸಬೇಕಿತ್ತು. ಆಮೇಲೆ ಹೇಳಿದ ನೀತಿ ಸಭೆಗೆ ಆಗಲೇ ತಿಳಿದಿತ್ತು.’ ಬಹುಮಾನಕ್ಕಿಂತ ಈ ಸಾಲು ಅವರಿಗೆ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆಂದು ನಾನು ನಂಬುತ್ತೇನೆ.

ಡಿಸೆಂಬರ್

ಅಭಿಪ್ರಾಯದ ಹಾಳೆಗಳು ಎಲ್ಲ ಸ್ಪರ್ಧಿಗಳಿಗೂ ತಲುಪಿವೆ. ಅಂಕಗಳನ್ನು ಕೊಟ್ಟಿಲ್ಲ, ತೀರ್ಪುಗಾರರ ಹೆಸರನ್ನೂ ಹಾಕಿಲ್ಲ. ಬರೆದ ಸಾಲುಗಳನ್ನು ಮಾತ್ರ ಟೈಪು ಮಾಡಿ ಕಳುಹಿಸಿದ್ದೇವೆ. ಕನ್ನಡ ಲಿಪಿ ಓದಲಾರದ ಮಕ್ಕಳಿಗೆ ಬಳಗದವರು ಫೋನು ಮಾಡಿ ಓದಿ ಹೇಳಿದರು. ಒಬ್ಬ ತಾಯಿ ಮರುದಿನ ಫೋನು ಮಾಡಿ, “ಅವಳು ಎರಡನೆಯ ಸಾಲನ್ನು ಇನ್ನೊಮ್ಮೆ ಕೇಳಬೇಕಂತೆ, ಓದ್ತೀರಾ ಅಣ್ಣ?” ಎಂದು ವಿಚಾರಿಸಿದರು.

ಮುಂದಿನ ವರ್ಷಕ್ಕೆ ಎರಡು ತೀರ್ಮಾನಗಳಾಗಿವೆ. ಸ್ಪರ್ಧೆಯ ಪ್ರಕಟಣೆಯೊಂದಿಗೆ ಖಾಲಿ ಅಂಕಪಟ್ಟಿಯನ್ನೂ ವಿವರಣೆ ಸಹಿತ ಕಳುಹಿಸುವುದು ಒಂದು. ಯಾವುದಕ್ಕೆ ತೂಕವಿದೆ ಎಂಬುದು ಸಿದ್ಧತೆಯ ಹಂತದಲ್ಲಿಯೇ ಸ್ಪರ್ಧಿಗೆ ತಿಳಿದಿರಬೇಕು. ಅಭಿಪ್ರಾಯ ಬರೆಯಲು ಎರಡು ಭಾಷಣಗಳ ನಡುವೆ ಈಗ ಇರುವ 1 ನಿಮಿಷವನ್ನು 2ಕ್ಕೆ ಏರಿಸುವುದು ಇನ್ನೊಂದು. ಕಾರ್ಯಕ್ರಮ ಉದ್ದವಾಗುತ್ತದೆಂದು ಆಕ್ಷೇಪ ಬಂದಿದೆ. ಅತಿಥಿಗಳ ಭಾಷಣಗಳಿಗೂ ಅದೇ ಹಸಿರು, ಹಳದಿ, ಕೆಂಪು ಹಲಗೆಗಳನ್ನು ಹಿಡಿದರೆ ಆ ಸಮಯ ಸಿಗುತ್ತದೆ ಎಂದು ಜನವರಿಯ ಸಭೆಯಲ್ಲಿ ಪ್ರಸ್ತಾಪಿಸಲಿದ್ದೇನೆ.